11 ದಿನದ ಬೈಪಾಸ್

ಇವತ್ತು ಬೆಳಗ್ಗೆ ಪ್ಲಾಂಟಿನ ಬೈಪಾಸ್ ರಿಜಿಸ್ಟರ್, ಅಂದರೆ ತಾತ್ಕಾಲಿಕವಾಗಿ ಕೆಲಸ ಮಾಡದಂತೆ ಮಾಡಿಟ್ಟ ಸುರಕ್ಷತಾ ವ್ಯವಸ್ಥೆಗಳ ಪಟ್ಟಿ, ನೋಡುತ್ತಾ ಕೂತಿದ್ದೆ. ಒಂದು ಟ್ಯಾಂಕಿನ ಹೈ ಲೆವೆಲ್ ಟ್ರಿಪ್ (ಟ್ಯಾಂಕ್ ತುಂಬಿ ಬಂದರೆ ಪಂಪನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ) 11 ದಿನದಿಂದ ಬೈಪಾಸ್‌ನಲ್ಲೇ ಇದೆ! ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ ರಿಪೇರಿಗೆ ಅಂತ ಒಂದೇ ಶಿಫ್ಟಿಗೆ ಹಾಕಿದ್ದು. ರಿಪೇರಿ ಮುಗಿದಿದೆ, ಬೈಪಾಸ್ ತೆಗೆಯುವುದು ಯಾರಿಗೂ ನೆನಪಾಗಿಲ್ಲ. ಅಷ್ಟೂ ದಿನ ಟ್ಯಾಂಕ್ ತುಂಬಿ ಬಂದಿದ್ದರೂ ಪಂಪ್ ತಾನಾಗಿ ನಿಲ್ಲುತ್ತಿರಲಿಲ್ಲ.

ಪೈಪರ್ ಆಲ್ಫಾ ನೆನಪಾಯಿತು. 1988ರ ಜುಲೈ 6, ಉತ್ತರ ಸಮುದ್ರದ ತೈಲ ಪ್ಲಾಟ್‌ಫಾರ್ಮ್. ನೀರಿನಲ್ಲಿರುವ ಡೈವರ್‌ಗಳನ್ನು ಪಂಪ್ ಒಳಗೆ ಎಳೆದುಕೊಳ್ಳಬಾರದು ಅಂತ ಬೆಂಕಿ ಆರಿಸುವ ಪಂಪ್‌ಗಳನ್ನು ಮ್ಯಾನ್ಯುಯಲ್‌ಗೆ, ಅಂದರೆ ಕೈಯಿಂದಲೇ ಚಾಲೂ ಮಾಡಬೇಕಾದಂತೆ, ಹಾಕಿದ್ದರು. ಕಾರಣ ಒಳ್ಳೆಯದೇ ಅಲ್ವಾ? ಆದರೆ ಸ್ಫೋಟವಾದ ಮೇಲೆ ಅವುಗಳ ಹತ್ತಿರ ಹೋಗಿ ಚಾಲೂ ಮಾಡಲು ಆಗಲೇ ಇಲ್ಲ. 167 ಜನ ಸತ್ತರು.

ಬೈಪಾಸ್ ಹಾಕಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಸುಮ್ನೆ ಯಾರೂ ಹಾಕುವುದಿಲ್ಲ. ಶಿಫ್ಟ್ ಬದಲಾಗುವಾಗ ಒಂದು ಮಾತು ಬಿಟ್ಟುಹೋಗುತ್ತದೆ, ಅಷ್ಟೇ.

ಬೈಪಾಸ್ ತೆಗೆಸಿ, ಟ್ರಿಪ್ ಟೆಸ್ಟ್ ಮಾಡಿಸಿದೆ. ಪಂಪ್ ನಿಂತಿತು. ಆ ಸದ್ದು ನಿಂತಾಗ ಎಷ್ಟು ಸಮಾಧಾನ ಆಯಿತು ಗೊತ್ತಾ! ನಾಳೆಯಿಂದ ಶಿಫ್ಟ್ ವಹಿಸಿಕೊಡುವಾಗ ಮೊದಲು ಬೈಪಾಸ್ ಪಟ್ಟಿಯನ್ನೇ ಗಟ್ಟಿಯಾಗಿ ಓದಬೇಕು ಅಂತ ಎಲ್ಲರಿಗೂ ಹೇಳಿ ಬಂದಿದ್ದೇನೆ.