ಏಳನೆಯ ಉಂಗುರ

1994ರ ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಹಿಡಿದ ಮಳೆ ಮೂರು ದಿನವಾದರೂ ಬಿಡದಿದ್ದಾಗ, ನಮ್ಮ ಪ್ರಾಣಿಶಾಸ್ತ್ರದ ಸರ್ ಕಾಡಿನ ತಿರುಗಾಟವನ್ನು ಕೈಬಿಟ್ಟು, ಪ್ರತಿಯೊಬ್ಬರೂ ಮನೆಯ ತೋಟದಿಂದಲೋ ಸೊಪ್ಪಿನ ಬೆಟ್ಟದಿಂದಲೋ ಒಂದೊಂದು ಚೋರಟೆಯನ್ನು, ಅಂದರೆ ಸಹಸ್ರಪದಿಯನ್ನು, ಡಬ್ಬಿಯಲ್ಲಿ ತರಬೇಕೆಂದು ಹೇಳಿದರು. ನಾನು ಅಡಿಕೆ ತೋಟದ ದರಕಿನ ಅಡಿಯಿಂದ ಚೋಟುದ್ದದ ಕಪ್ಪು ಚೋರಟೆಯೊಂದನ್ನು ತಂದೆ. ಅದನ್ನು ಬರಿಗೈಯಲ್ಲಿ ಎತ್ತಿದ್ದರಿಂದ ಬೆರಳುಗಳಿಗೆ ಹತ್ತಿದ ಕಂದು ಕಲೆಯೂ, ಟಿಂಚರ್ ಅಯೋಡಿನ್ನಿನಂಥ ಘಾಟೂ ಎಷ್ಟು ತೊಳೆದರೂ ಹೋಗಲಿಲ್ಲ. ಗೆಳತಿಯೊಬ್ಬಳು ತಂದದ್ದು ಮುಟ್ಟಿದೊಡನೆ ಗೋಲಿಯಂತೆ ಸುತ್ತಿಕೊಳ್ಳುವ ಗುಂಡು ಚೋರಟೆ.

ಎರಡನ್ನೂ ಒಂದೇ ಮೇಜಿನ ಮೇಲಿಟ್ಟು, ಇವು ಒಂದೇ ವರ್ಗಕ್ಕೆ ಸೇರಿದವೆಂದು ಹೇಗೆ ಹೇಳುವಿರಿ ಎಂದು ಸರ್ ಕೇಳಿದರು. ಉದ್ದ, ಬಣ್ಣ, ಆಕಾರ ಯಾವುದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಉತ್ತರ ಹೊಟ್ಟೆಯ ಕಡೆಗಿತ್ತು. ಎರಡು ಖಂಡಗಳು ಕೂಡಿ ಒಂದು ಉಂಗುರವಾಗಿರುವುದರಿಂದ ಒಂದೊಂದು ಉಂಗುರಕ್ಕೆ ಎರಡೆರಡು ಜೊತೆ ಕಾಲುಗಳಿರುತ್ತವೆ, ಈ ವರ್ಗದ ಡಿಪ್ಲೊಪೊಡ ಎಂಬ ಹೆಸರಿನ ಅರ್ಥವೂ ಅದೇ. ಜರಿಗಾದರೋ (ಶತಪದಿಗೆ) ಖಂಡಕ್ಕೆ ಒಂದೇ ಜೊತೆ, ಅದರಲ್ಲೂ ಮೊದಲನೆಯ ಜೊತೆ ವಿಷದ ಕೊಂಡಿಯಾಗಿದೆ. ಹಾಗೆಂದು ಚೋರಟೆಯ ಎಲ್ಲ ಉಂಗುರಗಳಿಗೂ ಎರಡು ಜೊತೆ ಕಾಲುಗಳಿಲ್ಲ: ಉದ್ದ ಚೋರಟೆಯಲ್ಲಿ ತಲೆಯ ಹಿಂದಿನ ಮೊದಲ ಉಂಗುರಕ್ಕೆ ಕಾಲೇ ಇಲ್ಲ, ಮುಂದಿನ ಮೂರಕ್ಕೆ ಒಂದೊಂದೇ ಜೊತೆ. ಗುಂಡು ಚೋರಟೆಯಲ್ಲಿ ಹೆಣ್ಣಿಗೆ 21 ಜೊತೆ, ಗಂಡಿಗೆ 23 ಜೊತೆ ಕಾಲುಗಳು. ಗಂಡಿನಲ್ಲಿ ಹೆಚ್ಚಾಗಿರುವ ಹಿಂದಿನ ಎರಡು ಜೊತೆಗಳು ಹೆಣ್ಣನ್ನು ಹಿಡಿದುಕೊಳ್ಳುವುದಕ್ಕಾಗಿ ಮಾರ್ಪಟ್ಟಿವೆ. ಕೈಗೆ ಕಲೆ ಹತ್ತಿಸುವ ಗ್ರಂಥಿಗಳು ಅದಕ್ಕಿಲ್ಲವಾದ್ದರಿಂದ, ಗಟ್ಟಿ ಚಿಪ್ಪಿನೊಳಗೆ ಸುತ್ತಿಕೊಳ್ಳುವುದೇ ಅದರ ರಕ್ಷಣೆ.

ಸಹಸ್ರಪದಿ ಎಂಬ ಹೆಸರಿದ್ದರೂ ಸಾವಿರ ಕಾಲಿನದು ಒಂದೂ ಸಿಕ್ಕಿಲ್ಲವೆಂದು ಸರ್ ಅಂದು ಹೇಳಿದ್ದು ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಪಶ್ಚಿಮ ಆಸ್ಟ್ರೇಲಿಯಾದ ನೆಲದಾಳದಲ್ಲಿ 1,306 ಕಾಲುಗಳ ಯೂಮಿಲ್ಲಿಪಿಸ್ ಪರ್ಸೆಫೊನಿ ದೊರೆತ ಸುದ್ದಿ 2021ರಲ್ಲಿ ಬಂದಾಗ, ಅದನ್ನು ಮೊದಲು ಅವರಿಗೇ ಹೇಳಬೇಕೆನಿಸಿತ್ತು.

ಸ್ಪಿರಿಟ್ಟಿನಲ್ಲಿಟ್ಟ ನನ್ನ ಚೋರಟೆಯನ್ನು ಜರ್ನಲ್ಲಿನಲ್ಲಿ ಬಿಡಿಸುವಾಗ, ಐದನೆಯ ಉಂಗುರದಿಂದ ಹಿಂದಕ್ಕೆ ಎಲ್ಲಕ್ಕೂ ಎರಡೆರಡು ಜೊತೆ ಕಾಲುಗಳನ್ನು ಸಾಲಾಗಿ ಎಳೆದುಬಿಟ್ಟಿದ್ದೆ. ಸರ್ ಏಳನೆಯ ಉಂಗುರದ ಸುತ್ತ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿ, ಮಾತಾಡದೆ ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಅಲ್ಲಿ ನಡೆಯುವ ಕಾಲುಗಳೇ ಇರಲಿಲ್ಲ. ಆ ಜಾಗದ ಸೀಳಿನೊಳಗೆ ಮಡಚಿಕೊಂಡಂತೆ ಕಂದು ಬಣ್ಣದ ಚಿಕ್ಕ ಅಂಗವೊಂದಿತ್ತು: ಗಂಡಿನ ಕಾಲುಗಳೇ ವೀರ್ಯವನ್ನು ಸಾಗಿಸುವುದಕ್ಕೆ ಮಾರ್ಪಟ್ಟ ಗೊನೊಪೊಡ್. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಚೋರಟೆಗಳು ಬೇರೆ ಬೇರೆ ಪ್ರಭೇದಗಳೆಂದು ತಿಳಿಯುವುದು ಬಹುಮಟ್ಟಿಗೆ ಇದರ ಆಕಾರದಿಂದಲೇ. ಹಳೆಯ ಚಿತ್ರವನ್ನು ಅಳಿಸಲು ಸರ್ ಬಿಡಲಿಲ್ಲ. ಎದುರಿನ ಪುಟದಲ್ಲಿ ಆ ಒಂದು ಉಂಗುರವನ್ನಷ್ಟೇ ಅಂಗೈಯಗಲ ದೊಡ್ಡದಾಗಿ ಬರೆಸಿದರು.