ಮಳೆಗಾಲದ ವಾಫಲ್: ಮೃಗಶಿರದಿಂದ ಆಶ್ಲೇಷದವರೆಗಿನ ಟಿಪ್ಪಣಿ

ನೋಡಬೇಕಾಗಿರುವುದು ಇಷ್ಟೇ: ತೀರ್ಥಹಳ್ಳಿ, ಸಾಗರದ ಕಡೆಯ ಮಳೆಯಲ್ಲಿ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಗುವ ಸಾಮಾನಿನಲ್ಲಿ, ಯಾವ ದೇಶದ ವಾಫಲ್ ತಾಳಿಕೊಳ್ಳುತ್ತದೆ, ಯಾವುದು ತಾಳುವುದಿಲ್ಲ. ವಾಫಲ್ ಅಂದರೆ ಗುಳಿಗುಳಿಯಾದ ಎರಡು ಹೋಳಿನ ಅಚ್ಚಿನ ನಡುವೆ ಹಿಟ್ಟು ಹಾಕಿ ಬೇಯಿಸುವ ತಿಂಡಿ. ಗರಿಗರಿ ಆಗಬೇಕಾದರೆ ಹೊರಪದರದ ನೀರು ಹೋಗಬೇಕು. ಗರಿಗರಿಯಾಗಿಯೇ ಉಳಿಯಬೇಕಾದರೆ ಹೋದ ನೀರು ವಾಪಸ್ ಬರಬಾರದು. ಕರಿದಿಟ್ಟ ಹಪ್ಪಳವೇ ಊಟ ಮುಗಿಯುವುದರೊಳಗೆ ಮೆತ್ತಗಾಗುವ ತಿಂಗಳಲ್ಲಿ ಎರಡನೆಯದು ಸುಲಭವಲ್ಲ.

ಮೃಗಶಿರ: ಅಚ್ಚು

ವಿದ್ಯುತ್ ಅಚ್ಚಿನ ಮೇಲೆ 750 ವ್ಯಾಟ್ ಎಂದು ಬರೆದಿದ್ದರೆ ಅದು 230 ವೋಲ್ಟಿನ ಲೆಕ್ಕ. ಹಳ್ಳಿ ಲೈನಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಶಾಖ ಇಳಿಯುವುದು ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ. ಉಳಿಯುವುದು ಸುಮಾರು 460 ವ್ಯಾಟ್. ಕಾದಿದೆ ಎಂದು ತೋರಿಸುವ ದೀಪ ತಡವಾಗಿಯಾದರೂ ಹತ್ತುತ್ತದೆ, ಮೋಸ ಆಗುವುದು ಅಲ್ಲೇ. ಹಿಟ್ಟು ಹೊಯ್ದ ಕೂಡಲೇ ಅಚ್ಚು ತಣ್ಣಗಾಗುತ್ತದೆ, ಮತ್ತೆ ಬೇಗ ಕಾಯುವುದಿಲ್ಲ. ಹಿಟ್ಟು ತನ್ನದೇ ಹಬೆಯಲ್ಲಿ ಬೆಂದು, ಬಿಳಿಚಿಕೊಂಡು, ಜಗಿದರೆ ಎಳೆಯುವಂತಾಗುತ್ತದೆ. ಕರೆಂಟಿನಲ್ಲೇ ಮಾಡುವುದಾದರೆ ಅಚ್ಚಿನ ಮೂರನೇ ಎರಡು ಭಾಗ ಮಾತ್ರ ಹಿಟ್ಟು ಹಾಕಿ, ಪ್ರತಿ ವಾಫಲ್ ತೆಗೆದ ಮೇಲೆ ನಾಲ್ಕು ನಿಮಿಷ ಖಾಲಿ ಕಾಯಿಸಬೇಕು.

ಗ್ಯಾಸ್ ಒಲೆಯ ಮೇಲೆ ಇಟ್ಟು ಮಗುಚುವ ಎರಕದ ಕಬ್ಬಿಣದ ಅಚ್ಚಿಗೆ ಈ ತಾಪತ್ರಯವಿಲ್ಲ. ಅಮೆರಿಕದ ಟ್ರಾಯ್ ಊರಿನ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ 1869ರಲ್ಲಿ ಪೇಟೆಂಟ್ ಪಡೆದದ್ದೂ ಒಲೆಯ ಮೇಲಿನ ಅಚ್ಚಿಗೇ. ಮಧ್ಯಮ ಉರಿಯಲ್ಲಿ ಒಂದೊಂದು ಬದಿಗೆ ನಾಲ್ಕು ನಿಮಿಷ ಕಾಯಿಸಬೇಕು. ನೀರಿನ ಹನಿ ಕುಣಿದು ಆರಿದರೆ ಹದ. ಹೊಸ ಅಚ್ಚನ್ನು ದೋಸೆ ಕಾವಲಿ ಪಳಗಿಸುವ ಹಾಗೆಯೇ ಪಳಗಿಸಬೇಕು: ತೆಳ್ಳಗೆ ಎಣ್ಣೆ ಸವರಿ ಹೊಗೆ ಬರುವವರೆಗೆ ಕಾಯಿಸುವುದು, ಆರಿಸುವುದು, ಮತ್ತೆ ಮೂರ್ನಾಲ್ಕು ಸಲ ಅದನ್ನೇ ಮಾಡುವುದು. ಎಣ್ಣೆ ದಪ್ಪವಾದರೆ ಗುಳಿಗಳಲ್ಲಿ ಅಂಟಂಟಾಗಿ ಕೂರುತ್ತದೆ. ಮಳೆಗಾಲದಲ್ಲಿ ತೊಳೆದಿಟ್ಟರೆ ಬೆಳಗಾಗುವುದರೊಳಗೆ ತುಕ್ಕು. ಒರೆಸಿ, ಉರಿಯ ಮೇಲೆ ಒಣಗಿಸಿ, ಎಣ್ಣೆ ಹಚ್ಚಿಯೇ ಎತ್ತಿಡಬೇಕು.

ಆರಿದ್ರಾ: ದೋಸೆ ಹಿಟ್ಟು

ಉಳಿದ ದೋಸೆ ಹಿಟ್ಟನ್ನು ಹಾಗೇ ಅಚ್ಚಿಗೆ ಹೊಯ್ದರೆ ಅಚ್ಚು ತೆರೆಯುವಾಗ ವಾಫಲ್ ಎರಡು ಹೋಳಾಗಿ ಮೇಲೊಂದು ಕೆಳಗೊಂದು ಅಂಟಿಕೊಳ್ಳುತ್ತದೆ. ಕಾರಣ ಎರಡು. ಹಿಟ್ಟಿನಲ್ಲಿ ಜಿಡ್ಡಿಲ್ಲ, ಗುಳಿ ಅಚ್ಚಿಗೆ ಕಾವಲಿಗಿಂತ ಎಷ್ಟೋ ಹೆಚ್ಚು ಮೈ ಇದೆ. ಉದ್ದು ಜಾಸ್ತಿಯಾದಷ್ಟೂ ಒಳಗೆ ಮೆತ್ತಗೆ, ಹೊರಗೆ ಜಿಗುಟು.

ಹದಕ್ಕೆ ಬಂದ ಅಳತೆ: ಅಕ್ಕಿ 300 ಗ್ರಾಂ, ಉದ್ದಿನಬೇಳೆ 60 ಗ್ರಾಂ, ಅವಲಕ್ಕಿ 30 ಗ್ರಾಂ, ಮೆಂತ್ಯ ಅರ್ಧ ಚಮಚ. ರುಬ್ಬುವಾಗ ನೀರು ಹಿಡಿತದಲ್ಲಿರಲಿ. ಸೌಟಿನಿಂದ ಹಿಟ್ಟು ಧಾರೆಯಾಗಿ ಸುರಿಯಬಾರದು, ಮುದ್ದೆಮುದ್ದೆಯಾಗಿ ಬೀಳಬೇಕು. ಹುದುಗಿದ ಮೇಲೆ ಅರ್ಧ ಲೀಟರಿಗೆ ಎಣ್ಣೆ ಎರಡು ದೊಡ್ಡ ಚಮಚ, ಒಣ ಅಕ್ಕಿಹಿಟ್ಟು ಎರಡು ದೊಡ್ಡ ಚಮಚ, ಬಣ್ಣಕ್ಕೆಂದು ಸಕ್ಕರೆ ಒಂದು ಚಮಚ, ಉಪ್ಪು. ಬದಿಗೆ ಮೂರೂವರೆ ನಿಮಿಷ. ಅಚ್ಚಿನ ಸಂದಿಯಿಂದ ಬರುವ ಹಬೆ ಬಹುತೇಕ ನಿಲ್ಲುವವರೆಗೆ ತೆರೆಯಲೇ ಕೂಡದು.

ಹುದುಗುವುದೇ ದೊಡ್ಡ ಸಮಸ್ಯೆ. ಬೇಸಿಗೆಯಲ್ಲಿ ಎಂಟು ಗಂಟೆಗೆ ಉಬ್ಬುವ ಹಿಟ್ಟು 20-22 ಡಿಗ್ರಿಯ ರಾತ್ರಿಯಲ್ಲಿ ಹದಿನಾರು ಗಂಟೆಯಾದರೂ ಕೇಳುತ್ತದೆ. ಬಚ್ಚಲೊಲೆಯಿಂದ ಒಂದೂವರೆ ಅಡಿ ದೂರ ಇಟ್ಟರೆ ಸರಿ. ಒಲೆಗೆ ಒತ್ತಿಟ್ಟರೆ ಒಂದು ಬದಿ ಹುಳಿಯೇರಿ ಮೇಲೆ ಕೆನೆಗಟ್ಟುತ್ತದೆ.

ಇದಕ್ಕೆ ಸೂಜಿಮೆಣಸಿನ ಕಾಯಿಚಟ್ನಿ ಒಳ್ಳೆಯ ಜೋಡಿ, ಆದರೆ ಬದಿಗೆ ಬಡಿಸಬೇಕು. ಗುಳಿಗೆ ತುಂಬಿದರೆ ಪಟ್ಟ ಶ್ರಮವೆಲ್ಲ ಎರಡು ನಿಮಿಷದಲ್ಲಿ ಚಟ್ನಿಪಾಲು.

ಪುನರ್ವಸು: ನಾರ್ವೆ, ಹಾಂಗ್‌ಕಾಂಗ್

ಮಲೆನಾಡಿಗೆ ತೀರಾ ಹತ್ತಿರದ್ದು ನಾರ್ವೆಯ ವಾಫಲ್. ತೆಳ್ಳಗೆ, ಐದು ಹೃದಯ ಕೂಡಿಸಿದ ಆಕಾರ, ಹುಳಿ ಕೆನೆ, ಮೇಲಾಗಿ ಏಲಕ್ಕಿ. ಅದು ಮೆತ್ತಗಿರಬೇಕಾದದ್ದೇ, ಮಡಚಿ ಜಾಮ್ ಜೊತೆ ತಿನ್ನುತ್ತಾರೆ, ಹಾಗಾಗಿ ಮಳೆಯ ಭಯವಿಲ್ಲ. ಮೈದಾ 150 ಗ್ರಾಂ, ಅಕ್ಕಿಹಿಟ್ಟು 50, ಸಕ್ಕರೆ 40, ಕರಗಿಸಿದ ಬೆಣ್ಣೆ 75, ಮೊಟ್ಟೆ ಎರಡು, ಹುಳಿ ಮಜ್ಜಿಗೆ 250 ಮಿಲೀ, ಅಡಿಗೆ ಸೋಡಾ ಅರ್ಧ ಚಮಚ, ಆಗಲೇ ಕುಟ್ಟಿದ ಏಲಕ್ಕಿ ಮುಕ್ಕಾಲು ಚಮಚ. ಮಜ್ಜಿಗೆ ಹುಳಿಯಿಲ್ಲದಿದ್ದರೆ ಸೋಡಾದ ಸಾಬೂನು ರುಚಿ ಉಳಿದುಬಿಡುತ್ತದೆ. ಅವರು ಮೇಲೆ ಹಾಕುವ ಕಂದು ಚೀಸು ಹಾಲೊಡಕನ್ನು ಬತ್ತಿಸಿ ಮಾಡಿದ್ದು. ಪನೀರಿನ ನೀರನ್ನು ಬತ್ತಿಸಿದರೆ ಅದು ಬರುವುದಿಲ್ಲ, ನಿಂಬೆಯ ಹುಳಿಯೂ ಜೊತೆಗೇ ಗಟ್ಟಿಯಾಗುತ್ತದೆ. ಚಿಟಿಕೆ ಉಪ್ಪು ಬೆರೆಸಿ ಕಂದು ಬರುವವರೆಗೆ ಹುರಿದ ಖೋವಾ ಸಾಕು.

ಹಾಂಗ್‌ಕಾಂಗಿನ ಬೀದಿಗಳ ಮೊಟ್ಟೆ ವಾಫಲ್‌ಗೆ ಗುಂಡುಗುಂಡಾದ ಅಚ್ಚು ಬೇಕು. ಪಡ್ಡು ಹಂಚಿನಲ್ಲಿ ಆಗುವುದಿಲ್ಲ: ಹಿಟ್ಟು ಹೊಯ್ದು ಮುಚ್ಚಿ ತಕ್ಷಣ ಮಗುಚಿದಾಗ ಅದು ಎರಡೂ ಗುಳಿಗೆ ಮೆತ್ತಿಕೊಂಡು ಒಳಗೆ ಟೊಳ್ಳಾಗುತ್ತದೆ, ಪಡ್ಡಾದರೋ ಒಳಗೂ ತುಂಬಿರುತ್ತದೆ. ಮೈದಾ 140 ಗ್ರಾಂ, ಮರಗೆಣಸಿನ ಪಿಷ್ಟ 30, ಕಸ್ಟರ್ಡ್ ಪುಡಿ ಒಂದು ದೊಡ್ಡ ಚಮಚ, ಬೇಕಿಂಗ್ ಪೌಡರ್ ಒಂದೂವರೆ ಚಮಚ, ಮೊಟ್ಟೆ ಎರಡು, ಸಕ್ಕರೆ 110, ಎಣ್ಣೆ 30 ಮಿಲೀ, ನೀರು 140, ಅರ್ಧಕ್ಕಿಂತ ಕಡಿಮೆಗೆ ಬತ್ತಿಸಿದ ಹಾಲು 60. ಒಂದು ಗಂಟೆ ನೆನೆಯಬೇಕು. ತೆಗೆದ ಕೂಡಲೇ ಜಾಲರಿಯ ಮೇಲೆ ಫ್ಯಾನಿನ ಕೆಳಗೆ; ತಟ್ಟೆಗೆ ಹಾಕಿದರೆ ಅಡಿಯಲ್ಲಿ ಬೆವರುತ್ತದೆ.

ಪುಷ್ಯ: ಲಿಯೇಜ್

ಬೆಲ್ಜಿಯಂ ಅಂದಾಕ್ಷಣ ಒಂದೇ ವಾಫಲ್ ಅಲ್ಲ. ಅಂಗಡಿ ಬೋರ್ಡುಗಳಲ್ಲಿ ‘ಬೆಲ್ಜಿಯನ್’ ಎಂದಿರುವುದು ಹೆಚ್ಚಾಗಿ ಬ್ರಸೆಲ್ಸ್ ಮಾದರಿಯ ಅಮೆರಿಕನ್ ರೂಪ. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ಟ್ರಾಬೆರಿ, ಕ್ರೀಮ್ ಜೊತೆ ಮಾರಾಟವಾಗಿ ಹೆಸರು ಮಾಡಿತು. ಲಿಯೇಜ್ ಊರಿನದು ಹೊಯ್ಯುವ ಹಿಟ್ಟಲ್ಲ, ಯೀಸ್ಟಿನ ಬನ್ ಹಿಟ್ಟು. ಅದರೊಳಗಿನ ಸಕ್ಕರೆ ಹರಳು ಅಚ್ಚಿಗೆ ತಾಗಿ ಕರಗಿ ಕಂದು ಪಾಕದ ಕವಚವಾಗುತ್ತದೆ.

ಮೈದಾ 250 ಗ್ರಾಂ, ಉಗುರುಬೆಚ್ಚಗಿನ ಹಾಲು 100 ಮಿಲೀ, ಇನ್‌ಸ್ಟಂಟ್ ಯೀಸ್ಟ್ 5 ಗ್ರಾಂ, ಮೊಟ್ಟೆ ಒಂದು, ಉಪ್ಪು ಅರ್ಧ ಚಮಚ, ಮೆತ್ತಗಿನ ಬೆಣ್ಣೆ 110 ಗ್ರಾಂ. ನಾದಿ, ಎರಡರಷ್ಟು ಉಬ್ಬಲು ಬಿಟ್ಟು, ಆಮೇಲೆಯೇ 120 ಗ್ರಾಂ ಸಕ್ಕರೆ ಚೂರು ಸೇರಿಸಬೇಕು. ಮೊದಲೇ ಹಾಕಿದರೆ ಕರಗಿ ಹಿಟ್ಟು ನೀರುನೀರಾಗುತ್ತದೆ. ಬಚ್ಚಲೊಲೆ ಇಲ್ಲಿ ಶತ್ರು: 30 ಡಿಗ್ರಿ ದಾಟಿದರೆ ಬೆಣ್ಣೆ ಹಿಟ್ಟಿನಿಂದ ಸೋರತೊಡಗುತ್ತದೆ. 85 ಗ್ರಾಮಿನ ಉಂಡೆ ಮಾಡಿ ಕಾಲು ಗಂಟೆ ಬಿಟ್ಟು ಬೇಯಿಸುವುದು. ಉರಿ ಸಣ್ಣದಿರಲಿ, ಇಲ್ಲದಿದ್ದರೆ ಹಿಟ್ಟು ಬೇಯುವ ಮೊದಲೇ ಸಕ್ಕರೆ ಕರಿಯಾಗಿ ಕಹಿಯಾಗುತ್ತದೆ.

ಅವರ ಮುತ್ತು ಸಕ್ಕರೆ ಇಲ್ಲಿ ಸಿಗದು. ಕಲ್ಲುಸಕ್ಕರೆ ಬೇಡ, ಒಂದೇ ಗಟ್ಟಿ ಹರಳಾದ್ದರಿಂದ ಕರಗದೆ ಉಳಿದು ಹಲ್ಲಿಗೆ ಅಪಾಯ. ಚಹಾದ ಸಕ್ಕರೆ ಕ್ಯೂಬು ಒತ್ತಿ ಮಾಡಿದ್ದು. ನಾಲ್ಕೈದು ಮಿಲಿಮೀಟರಿಗೆ ಒಡೆದು ಪುಡಿಯನ್ನು ಜರಡಿಯಲ್ಲಿ ತೆಗೆದರೆ ಕೆಲಸ ನಡೆಯುತ್ತದೆ. ಬಿಸಿಯಿರುವಾಗ ಗರಿಗರಿ, ಈ ಗಾಳಿಯಲ್ಲಿ ಹೊರಗಿಟ್ಟರೆ ಬೇಗನೆ ಅಂಟು. ಮಾಘದ ಚಳಿಗೆ ಕಾಯುವುದು ಲೇಸು. ಅಚ್ಚಿನ ಪಾಕ ತೆಗೆಯಲು ಕಾದ ಕಬ್ಬಿಣಕ್ಕೆ ತಣ್ಣೀರು ಸುರಿಯಬಾರದು, ಸೀಳೀತು. ಬಿಸಿ ಇಳಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಆಶ್ಲೇಷ: ಜೋನಿಬೆಲ್ಲ

ಜೋನಿಬೆಲ್ಲ, ಅಂದರೆ ಅಚ್ಚು ಹಾಕದ ನೀರುಬೆಲ್ಲ, ಹಿಟ್ಟಿನೊಳಗೆ ಬೇಡ. ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುವುದರಿಂದ ಬೇಗ ಸೀಯುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಅಮೆರಿಕದವರು ಮೇಪಲ್ ಪಾಕ ಸುರಿಯುವ ಜಾಗದಲ್ಲಿ, ಬೆಚ್ಚಗೆ ಮಾಡಿ, ತುಪ್ಪದ ಜೊತೆ ಮೇಲೆ ಹಾಕಿದರೆ ಎರಡು ಮಾತಿಲ್ಲ. ತೆಳ್ಳೇವು (ತೆಳು ದೋಸೆ) ತಿಂದು ಬೆಳೆದ ನಾಲಿಗೆಗೆ ಇದನ್ನು ಹೇಳಿಕೊಡಬೇಕಿಲ್ಲ.

ಈ ಬೆಲ್ಲಕ್ಕೆ ನಿಜವಾಗಿ ಒಗ್ಗುವುದು ನೆದರ್‌ಲ್ಯಾಂಡ್ಸ್‌ನ ಗೌಡಾ ಊರಿನ ಸ್ಟ್ರೋಪ್‌ವಾಫಲ್: ಎರಡು ತೆಳು ಪದರ, ನಡುವೆ ಪಾಕ. ಬಿಸಿ ಕಪ್ಪಿನ ಮೇಲಿಟ್ಟು ಮೆತ್ತಗೆ ಮಾಡಿಕೊಂಡೇ ತಿನ್ನುವ ರೂಢಿ ಅಲ್ಲಿದೆ, ನಮ್ಮ ಮಳೆ ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಜೋನಿಬೆಲ್ಲ 100 ಗ್ರಾಂ, ಬೆಣ್ಣೆ 25, ಚಿಟಿಕೆ ದಾಲ್ಚಿನ್ನಿ. ನೀರಿಗೆ ಬಿಟ್ಟರೆ ಮೆತ್ತನೆ ಉಂಡೆಯಾಗುವವರೆಗೆ, ಅಂದರೆ ಸುಮಾರು 115 ಡಿಗ್ರಿಗೆ ಕಾಯಿಸಬೇಕು. ಕಡಿಮೆಯಾದರೆ ಅಂಚಿನಿಂದ ಸೋರುತ್ತದೆ, ಹೆಚ್ಚಾದರೆ ಚಿಕ್ಕಿಯಾಗುತ್ತದೆ. ವಾಫಲನ್ನು ಅಚ್ಚಿನಿಂದ ತೆಗೆದ ಕೆಲವೇ ಸೆಕೆಂಡಿನಲ್ಲಿ ತೆಳು ಚಾಕುವಿನಿಂದ ಅಡ್ಡಲಾಗಿ ಸೀಳಬೇಕು, ತಣಿದರೆ ಪುಡಿಯಾಗುತ್ತದೆ.

ಬಾಕಿ ಇರುವುದು ಹಲಸಿನ ಹಣ್ಣಿನದು. ಹಣ್ಣಿನ ತಿರುಳು, ಅಕ್ಕಿಹಿಟ್ಟು ಸಮಸಮ ಹಾಕಿದರೆ ಹೊರಗೆ ಸೀದು ಒಳಗೆ ಹಸಿಯಾಗಿರುತ್ತದೆ. ಮುಂದಿನ ಬೇಸಿಗೆಗೆ 300 ಗ್ರಾಂ ಅಕ್ಕಿಹಿಟ್ಟಿಗೆ 120 ಗ್ರಾಂ ತಿರುಳು, ಬೆಲ್ಲವಿಲ್ಲದೆ, ಸಣ್ಣ ಉರಿಯಲ್ಲಿ.