ಕಿರ್ಕೆನೆಸ್‌ಗೆ ಹೋಗುವವರು ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ

ಬೆರ್ಗೆನ್‌ನಿಂದ ಹೊರಟು ನಾರ್ವೆಯ ಕರಾವಳಿಯುದ್ದಕ್ಕೂ ಸಾಗುವ ಹಡಗು ಕೊನೆಗೆ ಮುಟ್ಟುವ ಊರು ಕಿರ್ಕೆನೆಸ್. ಹಡಗು ಅಲ್ಲಿ ನಿಲ್ಲುವುದು ಕೆಲವೇ ಗಂಟೆ. ಅಷ್ಟರಲ್ಲಿ ಬಸ್ಸಿನಲ್ಲಿ ರಷ್ಯಾದ ಗಡಿಗೆ ಹೋಗಿ, ಫಲಕದ ಮುಂದೆ ಫೋಟೊ ತೆಗೆಸಿಕೊಂಡು ಮರಳುವವರೇ ಹೆಚ್ಚು. ನಾವೂ ಮೊದಲ ದಿನ ಅದನ್ನೇ ಮಾಡಿದೆವು. ಸ್ಟೋರ್‌ಸ್ಕೋಗ್ ಠಾಣೆಯ ಮುಂದೆ ಹತ್ತು ನಿಮಿಷ, ಒಂದು ಗೇಟು, ಒಂದು ಅಂಗಡಿ. ಕೊಟ್ಟ ದುಡ್ಡಿಗೆ ಹೊಟ್ಟೆ ಉರಿಯಿತು. 2015ರಲ್ಲಿ ಸುಮಾರು 5,500 ನಿರಾಶ್ರಿತರು ಬಹುಪಾಲು ಸೈಕಲ್ ತುಳಿದುಕೊಂಡೇ ಒಳಬಂದ ಗೇಟು ಇದು. ರಷ್ಯಾದ ಕಡೆಯಿಂದ ಕಾಲ್ನಡಿಗೆಯಲ್ಲಿ ಗಡಿ ದಾಟುವಂತಿರಲಿಲ್ಲ, ಅದಕ್ಕೇ ಸೈಕಲ್. ಇದನ್ನು ತಿಳಿದುಕೊಂಡು ಹೋದರೆ ಮಾತ್ರ ಆ ಹತ್ತು ನಿಮಿಷಕ್ಕೆ ಬೆಲೆ.

ಕಿರ್ಕೆನೆಸ್ ಇರುವ ಸೋರ್-ವರಾಂಗರ್ ಪುರಸಭೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್, ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಒಂದು ಕಡೆ ರಷ್ಯಾ, ಇನ್ನೊಂದು ಕಡೆ ಫಿನ್ಲೆಂಡ್. ಆದ್ದರಿಂದ ಬಾಡಿಗೆ ಕಾರು ಹಿಡಿಯಿರಿ. ಬಸ್ಸನ್ನು ನಂಬಿದರೆ ಊರಿನಲ್ಲೇ ಉಳಿಯುತ್ತೀರಿ.

ಮೊದಲು ಪಶ್ಚಿಮಕ್ಕೆ, ಸುಮಾರು 40 ಕಿಲೋಮೀಟರ್ ದೂರದ ನೈಡೆನ್‌ಗೆ ಹೋಗಿ. ಅಲ್ಲಿ ಸೇಂಟ್ ಜಾರ್ಜ್ ಹೆಸರಿನ ಮರದ ಪ್ರಾರ್ಥನಾ ಮಂದಿರವಿದೆ. ಮಂದಿರವೆಂದರೆ ನಮ್ಮ ಕಡೆಯ ದನದ ಕೊಟ್ಟಿಗೆಗಿಂತ ಚಿಕ್ಕದು. ತಲೆ ಬಗ್ಗಿಸದೆ ಒಳಹೋಗಲಾಗದು. ಇದು ಈ ಭಾಗದ ಮೂಲನಿವಾಸಿಗಳಾದ ಸ್ಕೋಲ್ಟ್ ಸಾಮಿ ಜನರದು, ಅವರು ಆರ್ಥಡಾಕ್ಸ್ ಕ್ರೈಸ್ತರು. ಋತುವಿಗೆ ತಕ್ಕಂತೆ ಬೇಸಿಗೆಯ ಮೀನಿನ ನೆಲೆಗೂ ಚಳಿಗಾಲದ ಹಳ್ಳಿಗೂ ಅಲೆಯುತ್ತಿದ್ದವರು. 1826ರವರೆಗೆ ಇಲ್ಲಿ ಗಡಿಯೇ ಇರಲಿಲ್ಲ, ಇದು ನಾರ್ವೆ, ರಷ್ಯಾ ಎರಡಕ್ಕೂ ಸೇರಿದ ನೆಲವಾಗಿತ್ತು. ಆ ವರ್ಷ ಗೆರೆ ಎಳೆದಾಗ ಅವರ ದಾರಿ ತುಂಡಾಯಿತು. ಗೆರೆ ಪಾಸ್ವಿಕ್ ನದಿಯನ್ನೇ ಹಿಡಿದು ಹೋಗಬೇಕಿತ್ತು. ಆದರೆ ರಷ್ಯನ್ ಆರ್ಥಡಾಕ್ಸರ ಬೋರಿಸ್ ಗ್ಲೆಬ್ ಚರ್ಚು ನದಿಯ ಪಶ್ಚಿಮ ದಡದಲ್ಲಿದ್ದುದರಿಂದ ಅಲ್ಲಿ ಮಾತ್ರ ಗಡಿ ನದಿ ಬಿಟ್ಟು ಸುತ್ತಿಕೊಂಡಿತು; ಆ ತುಣುಕು ಇಂದಿಗೂ ರಷ್ಯಾದ್ದೇ.

ಮರುದಿನ ಪೂರ್ವದ ತುದಿಗೆ, ಗ್ರೆನ್ಸೆ ಯಾಕೋಬ್ಸೆಲ್ವ್‌ಗೆ. ಟ್ಯಾಂಕ್ ತುಂಬಿಸಿಕೊಳ್ಳಿ, ತಿಂಡಿ ಕಟ್ಟಿಕೊಳ್ಳಿ. ಕೊನೆಯ ಭಾಗದ ರಸ್ತೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ದಾರಿಯ ಪಕ್ಕದಲ್ಲೇ ಹರಿಯುವ ಹೊಳೆಯೇ ಗಡಿ, ಕಲ್ಲೆಸೆದರೆ ಆಚೆ ಬೀಳುವಷ್ಟು ಕಿರಿದು. ಎಸೆಯಬೇಡಿ, ಅದೂ ಅಪರಾಧ. ಈಚೆಯ ಕಂಬ ಹಳದಿ, ಆಚೆಯದು ಕೆಂಪು-ಹಸಿರು. ಆಚೆ ಯಾರಾದರೂ ಕಂಡರೆ ಕೈಬೀಸಿ ಮಾತನಾಡಿಸುವುದೂ ಬೇಡ. ಕೊನೆಗೆ ಬರುವ ಕಲ್ಲಿನ ಚರ್ಚು 1869ರದು. ರಷ್ಯಾದ ಮೀನುಗಾರರು ಗಡಿ ಮೀರುತ್ತಾರೆಂಬ ದೂರು ಬಂದಾಗ ನಾರ್ವೆಯವರು ಯುದ್ಧನೌಕೆ ನಿಲ್ಲಿಸುವ ಬದಲು, ಇದು ತಮ್ಮ ನೆಲವೆಂದು ತೋರಿಸಲು ಈ ಚರ್ಚು ಕಟ್ಟಿದರು. ಅದರ ಹಿಂದೆ ಬ್ಯಾರೆಂಟ್ಸ್ ಸಮುದ್ರ, ಮುಂದೆ ರಸ್ತೆಯಿಲ್ಲ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ನೋಟವಿಲ್ಲ.

ಕಿರ್ಕೆನೆಸ್ ಊರು ಕಣ್ಣಿಗೆ ಸಪ್ಪೆ. ಅದಕ್ಕೆ ಕಾರಣವಿದೆ. 1906ರಲ್ಲಿ ಶುರುವಾದ ಕಬ್ಬಿಣದ ಗಣಿಯಿಂದ ಬೆಳೆದ ಈ ಊರಿನ ಮೇಲೆ ಎರಡನೇ ಮಹಾಯುದ್ಧದಲ್ಲಿ ಮುನ್ನೂರಕ್ಕೂ ಹೆಚ್ಚು ವೈಮಾನಿಕ ದಾಳಿಗಳಾದವು. ಹಿಮ್ಮೆಟ್ಟುತ್ತಿದ್ದ ಜರ್ಮನ್ನರು ಉಳಿದದ್ದನ್ನು ಸುಟ್ಟರು. 1944ರ ಅಕ್ಟೋಬರ್ 25ರಂದು ಸೋವಿಯತ್ ಸೇನೆ ಬರುವ ಹೊತ್ತಿಗೆ ಸಮೀಪದ ಬ್ಯೋರ್ನೆವಾತ್ನ್ ಗಣಿ ಸುರಂಗದೊಳಗೆ ಸುಮಾರು 3,000 ಜನ ಅವಿತಿದ್ದರು. ಅಲ್ಲಿಯೇ ಹತ್ತು ಮಕ್ಕಳು ಹುಟ್ಟಿದವು. ಸೋವಿಯತ್ ಸೈನಿಕನ ಪ್ರತಿಮೆ ಊರಿನಲ್ಲಿ ಈಗಲೂ ನಿಂತಿದೆ, ಗಡಿಯಾಚೆಗಿನ ಸಂಬಂಧ ಎಷ್ಟೇ ಹದಗೆಟ್ಟಿದ್ದರೂ. ಯುದ್ಧಕಾಲದ ಆಂಡರ್ಸ್‌ಗ್ರೋಟಾ ಆಶ್ರಯತಾಣ ನೋಡುವುದಾದರೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ.

ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಒಯ್ಯಿರಿ. ಇಲ್ಲಿ ಏಡಿಯದೇ ದರ್ಬಾರು. ಜುಲೈನಲ್ಲಿ ಸೊಳ್ಳೆ ಔಷಧ ಮರೆಯಬೇಡಿ.

ಫೋನಿನಲ್ಲಿ ಸಮಯ ತಾನಾಗಿ ಬದಲಾಗುವ ಆಯ್ಕೆಯನ್ನು ಆಫ್ ಮಾಡಿಡಿ. ನಾವು ಕೊನೆಯ ರಾತ್ರಿ ಪಾಸ್ವಿಕ್ ದಡದ ಕುಟೀರದಲ್ಲಿದ್ದೆವು. ಫೋನು ಆಚೆ ದಡದ ಸಿಗ್ನಲ್ ಹಿಡಿದು ಮಾಸ್ಕೋ ಸಮಯಕ್ಕೆ ಜಿಗಿದಿತ್ತು, ಬೇಸಿಗೆಯಲ್ಲಿ ಅದು ನಾರ್ವೆಗಿಂತ ಒಂದು ಗಂಟೆ ಮುಂದೆ. ಅಲಾರಂ ಹೊಡೆಯಿತೆಂದು ಎದ್ದೆವು. ಸೂರ್ಯ ಮುಳುಗದ ದಿನಗಳು, ಹೊರಗೆ ನೋಡಿ ಹೊತ್ತು ತಿಳಿಯುವಂತಿಲ್ಲ. ವಿಮಾನ ನಿಲ್ದಾಣ ತಲುಪಿದರೆ ಬಾಗಿಲು ಮುಚ್ಚಿತ್ತು; ಸೊಳ್ಳೆ ಹೊಡೆಯುತ್ತಾ ಮೆಟ್ಟಿಲ ಮೇಲೆ ಕುಳಿತೆವು.